ಬಾಯಾರಿದವರ ಗೋಡೆ

“ಇಲ್ಲಿ ಬಾಟಲಿ ತೆಗೀಬೇಡಿ ಮಾರಾಯ್ರೆ. ಕುಡಿಯುವುದಾದ್ರೆ ಆ ತಿರುವಿನ ಆಚೆ ಹೋಗಿ ಕುಡೀರಿ.”

ಡೆಂಜಿಲ್ ದನಿ ತಗ್ಗಿಸಿ ಹೇಳಿದರು. ಮಂಗಳೂರು ಕಡೆಯವರು, ನೈರೋಬಿಯ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಹೇಳುತ್ತಲೇ ತಲೆ ನರೆಸಿಕೊಂಡವರು. ಕೀನ್ಯಾದಲ್ಲಿ ಎಲ್ಲಿ ಬಂಡೆಯ ಮೇಲೆ ಹಳೆಯ ಬಣ್ಣ ಇದೆಯೆಂದರೂ ಜೀಪು ಹತ್ತುವ ಮನುಷ್ಯ. ಆ ಗೋಡೆಯ ಮುಂದೆ ಮಾತ್ರ ಅವರು ಉರಿಬಿಸಿಲಲ್ಲೂ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ಸಾತ್ವಿಕನಿಗೆ ನಗು ಬಂತು. ಬೆಂಗಳೂರಿನಿಂದ ಟೆಲಿಕಾಂ ಕೆಲಸದ ಮೇಲೆ ನೈರೋಬಿಗೆ ಬಂದು ಅವನಿಗಿನ್ನೂ ವರ್ಷ ತುಂಬಿರಲಿಲ್ಲ. ರಿವರ್‌ಸೈಡಿನ ಆಫೀಸು, ಪಾರ್ಕ್‌ಲ್ಯಾಂಡ್ಸಿನ ಫ್ಲಾಟು, ನಡುವೆ ಮಟಾಟು ವ್ಯಾನುಗಳ ಹಾರ್ನು, ಇಷ್ಟನ್ನೇ ನೋಡಿ ಬೇಸತ್ತು, ರಜ ಸಿಕ್ಕಿದ್ದೇ ತಡ ಸಹೋದ್ಯೋಗಿ ವೈಭವ್‌ನನ್ನು ಎಳೆದುಕೊಂಡು ಡೆಂಜಿಲ್‌ರ ಬೆನ್ನು ಹತ್ತಿದ್ದ. ಹೆಂಡತಿ ಅನಘಾ ಏಳು ತಿಂಗಳ ಬಸುರಿ. ಅವಳ ಜೊತೆಗಿರಲಿ ಎಂದು ಊರಿನಿಂದ ಸಾತ್ವಿಕನ ಅಪ್ಪ ಚಕ್ರಪಾಣಿಯವರು ಬಂದಿದ್ದರು. ಅಮ್ಮ ವತ್ಸಲಾ ಮಗಳ ಬಾಣಂತನದಲ್ಲಿ ಸಿಕ್ಕಿಕೊಂಡು ಬೆಂಗಳೂರಿನಲ್ಲೇ ಉಳಿದಿದ್ದರು. “ಬಸುರಿ ಹೆಂಡ್ತಿ ಇರೋನು ದೂರ ಪ್ರಯಾಣ ಮಾಡಬಾರದು ಕಣೋ” ಎಂದು ಅಪ್ಪ ಅಂದಾಗ, “ಜೀಪಲ್ಲಿ ಕೂರೋದು ನಾನಪ್ಪ, ಅವಳಲ್ಲ” ಎಂದು ಸಾತ್ವಿಕ ಬಾಯಿ ಮುಚ್ಚಿಸಿದ್ದ. ಬುದ್ಧಿವಂತರಿಗೆ ಉತ್ತರಕ್ಕೇನು ಬರ!

ಉತ್ತರದ ಮರಲಾಲ್ ಊರು ದಾಟಿದ ಮೇಲೆ ದಾರಿಯೆಂಬುದೇ ಉಳಿದಿರಲಿಲ್ಲ. ಒಣಗಿದ ನದಿಯ ಮರಳೇ ರಸ್ತೆ. ಆ ಮರಳು ಅವರನ್ನು ಎರಡು ಕೆಂಪು ಬಂಡೆಗಳ ಸಂದಿಯೊಳಗೆ ತಂದು ನಿಲ್ಲಿಸಿತ್ತು. ತಲೆಯ ಮೇಲೆ ಒಂದು ಪಟ್ಟಿಯಷ್ಟು ಆಕಾಶ. ಕಾದ ಕಲ್ಲಿನ ವಾಸನೆ, ಒಣಗಿದ ಮೇಕೆ ಹಿಕ್ಕೆಯ ವಾಸನೆ. ಹಕ್ಕಿಯ ಸದ್ದಿಲ್ಲ, ಮುಖಕ್ಕೆ ಮುತ್ತಲು ಒಂದು ನೊಣವೂ ಇಲ್ಲ. ಬಲಗಡೆಯ ಗೋಡೆಯ ತುಂಬ ಬಿಳಿ ಮನುಷ್ಯರು. ಉದ್ದುದ್ದ ಕಾಲು, ಕಡ್ಡಿಯಂಥ ಸೊಂಟ, ಕಣ್ಣು ಮೂಗಿಲ್ಲದ ತಲೆ. ಎಲ್ಲರೂ ಒಂದೇ ಕಡೆಗೆ ಬಾಗಿ, ಎರಡು ಕೈಯನ್ನೂ ಬೊಗಸೆ ಮಾಡಿ ಮುಂದೆ ಚಾಚಿದ್ದರು.

“ಡ್ಯಾನ್ಸ್ ಮಾಡ್ತಿದಾರಾ ಸರ್?” ಫೋನು ಹಿಡಿದು ವೀಡಿಯೊ ಮಾಡುತ್ತಿದ್ದ ವೈಭವ್ ಕೇಳಿದ.

“ಅಲ್ಲ. ನೀರಿಲ್ಲದೆ ಸತ್ತವರು. ಒಂದು ದೊಡ್ಡ ಬರದಲ್ಲಿ ದನ ಹೊಡ್ಕೊಂಡು ಈ ಕಣಿವೆಯ ಬಾವಿಗೆ ಬಂದ್ರಂತೆ. ಬಾವಿ ಒಣಗಿತ್ತು. ಬದುಕಿ ಉಳಿದವರು ಸತ್ತ ಒಬ್ಬೊಬ್ಬರದ್ದೂ ಚಿತ್ರ ಬರೆದು ಹೋದ್ರು. ಇಲ್ಲಿಯ ದನಗಾಹಿಗಳು ಇದ್ರ ಎದುರು ಉಗುಳುವುದೂ ಇಲ್ಲ. ನೀರು ಕೊಟ್ಟವನನ್ನು ಇವರು ಮನೆಮಗ ಅಂತ ಹಿಡ್ಕೊಳ್ತಾರೆ ಅಂತ ಅವರ ಮಾತು.”

“ನೀವೂ ನಂಬ್ತೀರಾ ಸರ್?”

“ನಂಬುವುದು ಬಿಡುವುದು ಮನೆಯಲ್ಲಿ ಕೂತು ಮಾಡುವ ಚರ್ಚೆ. ಇಲ್ಲಿ ನಾನು ಬಾಟಲಿ ತೆಗೆಯುವುದಿಲ್ಲ, ಅಷ್ಟೇ.”

“ಬಣ್ಣ ಮಾಸಿದೆ, ಫೋಟೋದಲ್ಲಿ ಏನೂ ಬರ್ತಿಲ್ಲ. ಸ್ವಲ್ಪ ಒದ್ದೆ ಮಾಡಿದ್ರೆ ಎದ್ದು ಕಾಣತ್ತೆ” ಎಂದು ಸಾತ್ವಿಕ ಬಾಟಲಿಯ ಮುಚ್ಚಳ ತಿರುಗಿಸಿದ.

“ಬೇಡ” ಅಂದರು ಡೆಂಜಿಲ್.

ಬೇಡ ಅಂದದ್ದೇ ತಪ್ಪಾಯಿತು. ಕೆಲವರಿಗೆ ಬೇಡ ಅಂದರೆ ಕೈ ತುರಿಸುತ್ತದೆ. ಅದರ ಮೇಲೆ ಎದುರಿಗೆ ಒಂದು ಕ್ಯಾಮೆರಾ ಇದ್ದರಂತೂ ಮುಗಿದೇ ಹೋಯಿತು. ಸಾತ್ವಿಕ ಎಡ ಹೆಗಲಲ್ಲಿದ್ದ ಬ್ಯಾಗಿನ ಪಟ್ಟಿಯನ್ನು, ಜನಿವಾರ ಬದಲಿಸುವವನ ಹಾಗೆ, ಬಲ ಹೆಗಲಿಗೆ ಹಾಕಿಕೊಂಡ. ಅಮಾವಾಸ್ಯೆಗಳಲ್ಲಿ ಅಪ್ಪ ತರ್ಪಣ ಬಿಡುವುದನ್ನು ಹುಡುಗನಾಗಿದ್ದಾಗಿನಿಂದ ನೋಡಿದ್ದ. ಬಲಗೈ ಮುಂದೆ ಚಾಚಿ, ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಗೋಡೆಯ ಬುಡದ ಮೇಲೆ ನೀರು ಬಿಟ್ಟ. ಪುರೋಹಿತರ ರಾಗದಲ್ಲಿ ಎಳೆದ: “ಭಾರದ್ವಾಜ ಗೋತ್ರಾನ್... ಅಸ್ಮತ್ ಪಿತೄನ್... ಸ್ವಧಾ ನಮಸ್ತರ್ಪಯಾಮಿ!” ನಮ್ಮ ಗೋತ್ರದವರೇ, ನಮ್ಮ ಹಿರಿಯರೇ, ಇಗೋ ತಗೊಳ್ಳಿ ಎಂದು. ವೈಭವ್ ಬಿದ್ದು ಬಿದ್ದು ನಕ್ಕ. ತಂದೆ ಬದುಕಿರುವವನು ತಮಾಷೆಗೂ ಆ ಮಾತು ಆಡಬಾರದು, ಆ ನೀರು ಬಿಡಬಾರದು. ಅದು ಸಾತ್ವಿಕನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದುದರಿಂದಲೇ ಅದು ಅವನಿಗೆ ತಮಾಷೆಯಾಗಿ ಕಂಡಿದ್ದು.

ಗೋಡೆಯ ಮೇಲೆ ಬಿದ್ದ ನೀರು ಕೆಳಗಿಳಿಯಲಿಲ್ಲ. ಮರಳು ಒದ್ದೆಯಾಗಲಿಲ್ಲ. ಬಂಡೆಯೊಳಗಿನಿಂದ ಗುಟುಕ್ ಎಂದು ಒಂದು ಸದ್ದು ಬಂತು. ಆಮೇಲೆ ವಾಸನೆ. ಮೊದಲ ಮಳೆಗೆ ನೆಲ ನೆಂದ ಘಮದಂತೆಯೇ ಶುರುವಾಗಿ, ಅದರ ಅಡಿಯಿಂದ ಹಳೆಯ ತೊಗಲಿನ, ಬತ್ತಿದ ಬಾಯಿಯ ನಾತ ಮೇಲೆದ್ದಿತು. ವೈಭವ್‌ನ ನಗು ನಿಂತುಹೋಯಿತು. ಡೆಂಜಿಲ್ ಶಿಲುಬೆಯ ಗುರುತು ಹಾಕಿಕೊಂಡು ಜೀಪಿನ ಕಡೆ ನಡೆದರು.

ನೈರೋಬಿಯಲ್ಲಿ ನಲ್ಲಿ ನಿಲ್ಲುವುದಕ್ಕೆ ದೆವ್ವವೇ ಬರಬೇಕೆಂದಿಲ್ಲ. ನೀರು ವಾರಕ್ಕೆ ಕೆಲವು ದಿನ ಬರುತ್ತದೆ, ಬಾರದ ದಿನ ಟ್ಯಾಂಕರ್ ಬರುತ್ತದೆ, ಅದೂ ಬಾರದಿದ್ದರೆ ವಾಟ್ಸ್ಯಾಪ್ ಗುಂಪಿನಲ್ಲಿ ಜಗಳ ಬರುತ್ತದೆ. ಹಾಗಾಗಿ ಸಾತ್ವಿಕ ವಾಪಸಾದ ಮೇಲೆ ಆ ಫ್ಲಾಟಿನಲ್ಲಿ ನೀರು ನಿಲ್ಲುತ್ತಿಲ್ಲ ಎಂಬುದು ಯಾರಿಗೂ ವಿಚಿತ್ರವೆನಿಸಲಿಲ್ಲ. ಬಚ್ಚಲ ಬಕೆಟ್ಟು ಬೆಳಿಗ್ಗೆ ತುಂಬಿರುತ್ತಿತ್ತು, ಮಧ್ಯಾಹ್ನ ತಳ ಕಾಣುತ್ತಿತ್ತು. ಹೂಜಿ ಖಾಲಿ. ಫಿಲ್ಟರ್ ಖಾಲಿ. ಬಾಲ್ಕನಿಯ ತುಳಸಿ ಸುಟ್ಟಂತಾಯಿತು. “ಪೈಪ್ ಲೀಕ್ ಇರಬೇಕು” ಅಂದ ಸಾತ್ವಿಕ. ಪೈಪು ಲೀಕಾದರೆ ಹೂಜಿ ಯಾಕೆ ಖಾಲಿಯಾಗುತ್ತದೆ ಎಂದು ಅವನು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಲು ಹೆದರಿಕೆಯಿತ್ತು.

ಯಾಕೆಂದರೆ ಆ ವಾಸನೆ ಅವನಿಗಿಂತ ಮುಂಚೆ ಮನೆ ಸೇರಿತ್ತು. ಹೊತ್ತು ನೆತ್ತಿಗೇರಿದಾಗ ಬರುತ್ತಿತ್ತು. ಅದರ ಜೊತೆಗೊಂದು ಸದ್ದು. ಒಣಗಿದ ನಾಲಿಗೆ ಅಂಗುಳಕ್ಕೆ ಅಂಟಿ ಬಿಡಿಸಿಕೊಳ್ಳುವ ಸದ್ದು. ಮೊದಲು ಬಚ್ಚಲ ಕಡೆಯಿಂದ. ಆಮೇಲೆ ಅಡುಗೆಮನೆಯಿಂದ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುತ್ತಾರೆ. ಕರೆಸಿಕೊಂಡು ಬಂದವರು ಕೊಡ ಮುಟ್ಟದೆ ಇರುತ್ತಾರೆಯೇ?

ಚಕ್ರಪಾಣಿಯವರು ಸಂಧ್ಯಾವಂದನೆಗೆ ಕೂತರೆ, ಆಚಮನಕ್ಕೆ ಮೊದಲೇ ಪಂಚಪಾತ್ರೆಯ ನೀರು ಮಾಯ. ಅವರು ಪಾತ್ರೆಯನ್ನೂ ಮಗನ ಮುಖವನ್ನೂ ನೋಡುತ್ತಿದ್ದರು.

ಅನಘಾಳ ತುಟಿ ಒಡೆದಿತ್ತು. “ಎಷ್ಟು ಕುಡಿದ್ರೂ ದಾಹ ಹೋಗ್ತಿಲ್ಲ ಕಣೋ. ಒಳಗೆ ಹೋದದ್ದೇ ಗೊತ್ತಾಗಲ್ಲ” ಅಂದಳು. ಆಸ್ಪತ್ರೆಯಲ್ಲಿ ಡಾಕ್ಟರ್ ಜಯಲಕ್ಷ್ಮಿ ಸ್ಕ್ಯಾನನ್ನು ಎರಡೆರಡು ಸಲ ಮಾಡಿ ಪರದೆ ನೋಡಿದರು. ಮೈಸೂರಿನವರು, ಇಲ್ಲಿಯ ಅರ್ಧ ಕನ್ನಡಿಗರ ಮಕ್ಕಳನ್ನು ಎತ್ತಿ ಕೊಟ್ಟ ಕೈ ಅವರದ್ದು.

“ಮಗು ಸುತ್ತ ನೀರು ಕಡಿಮೆ ಆಗಿದೆ ಅನಘಾ. ಹೋದ ಸಲ ಚೆನ್ನಾಗಿತ್ತು. ಒಡೆದು ಹೋಗಿಲ್ಲ, ಸೋರಿಲ್ಲ. ಎಲ್ಲಿ ಹೋಗ್ತಿದೆ ಅಂತ ನಂಗೂ ಗೊತ್ತಾಗ್ತಿಲ್ಲ.”

“ಈಗ್ಲೇ ಡೆಲಿವರಿ ಮಾಡಿದ್ರೆ?” ಸಾತ್ವಿಕ ಕೇಳಿದ.

“ತೂಕ ಏನೂ ಇಲ್ಲಪ್ಪ. ಇನ್ನೂ ಸ್ವಲ್ಪ ದಿನ ಒಳಗೇ ಇರಬೇಕು. ಇದೇ ಥರ ಇಳೀತಾ ಹೋದ್ರೆ ಮಾತ್ರ...”

ಮರುದಿನ ಸಾತ್ವಿಕ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಊಟ ಮುಗಿದಿತ್ತು. ಅಪ್ಪ ಸೋಫಾದ ಮೇಲೆ ತೂಕಡಿಸುತ್ತಿದ್ದರು. ಅನಘಾ ಒಳಗೆ ಮಲಗಿದ್ದಳು. ಹೊರಗೆ ರಣಬಿಸಿಲು, ಕೆಳಗಿನ ರಸ್ತೆಯಲ್ಲಿ ಯಾವುದೋ ಮಟಾಟುವಿನ ಹಾಡು. ಅದು ನಿಂತಿತು. ಎಲ್ಲ ಸದ್ದೂ ನಿಂತಿತು. ವಾಸನೆ ಬಂತು. ಈ ಸಲ ಬಚ್ಚಲ ಕಡೆಯಿಂದಲ್ಲ. ಮಲಗುವ ಕೋಣೆಯಿಂದ.

ಬಾಗಿಲು ತಳ್ಳಿದ.

ಅವರು ಅಲ್ಲಿದ್ದರು. ಬೂದಿ ಬಳಿದಂಥ ಮೈ. ಸೂರಿಗೆ ತಾಗುವ ಎತ್ತರ. ಮಂಚದ ಸುತ್ತ ಮಂಡಿಯೂರಿದ್ದರು. ಒಬ್ಬರ ಹಿಂದೊಬ್ಬರು. ಗೋಡೆಯವರೆಗೂ. ದನಗಳು ನೀರಿನ ತೊಟ್ಟಿಗೆ ಬಾಗುವಂತೆ ಬಾಗಿದ್ದರು. ಅನಘಾಳ ಹೊಟ್ಟೆಯ ಮೇಲೆ. ಮುಖವಿಲ್ಲದ ತಲೆಗಳು. ಹೀರುತ್ತಿದ್ದವು. ಮೆಲ್ಲಗೆ. ಅವಸರವಿಲ್ಲದೆ. ಅನಘಾ ನಿದ್ದೆಯಲ್ಲೇ ನರಳಿದಳು. ಹೊಟ್ಟೆಯೊಳಗೆ ಏನೋ ಒದ್ದಾಡಿತು. ಮೀನಿನ ಹಾಗೆ. ನೀರಿಲ್ಲದ ಮೀನಿನ ಹಾಗೆ.

ಸಾತ್ವಿಕ ಕೂಗಲು ನೋಡಿದ. ಬಾಯಲ್ಲಿ ಪಸೆಯಿರಲಿಲ್ಲ. ಮೇಜಿನ ಮೇಲಿದ್ದ ಲೋಟ ಎತ್ತಿ ನೆಲಕ್ಕೆ ಚೆಲ್ಲಿದ. ಅವರು ತಲೆ ಎತ್ತಿದರು. ಎಲ್ಲರೂ. ಒಟ್ಟಿಗೆ. ಅವನ ಕಡೆ ತಿರುಗಿದರು. ಬೊಗಸೆ ಚಾಚಿದರು. ಕಣ್ಣಿಲ್ಲದ ಆ ಮುಖಗಳಲ್ಲಿ ಸಿಟ್ಟಿರಲಿಲ್ಲ. ಪ್ರೀತಿಯಿತ್ತು. ಮನೆಯ ಮುದುಕರು ಮೊಮ್ಮಗನನ್ನು ನೋಡುವ ಪ್ರೀತಿ. ಅದನ್ನು ಕಂಡದ್ದೇ ಅವನು ಪ್ರಜ್ಞೆ ತಪ್ಪಿ ಬಿದ್ದ.

ಎಚ್ಚರವಾದಾಗ ಅಪ್ಪ ಅವನ ಮುಖ ಒರೆಸುತ್ತಿದ್ದರು. ಕೋಣೆಯಲ್ಲಿ ಯಾರೂ ಇರಲಿಲ್ಲ. ಚೆಲ್ಲಿದ ನೀರಿನ ಗುರುತೂ ಇರಲಿಲ್ಲ. ಸಾತ್ವಿಕ ಮಗುವಿನ ಹಾಗೆ ಅತ್ತು ಎಲ್ಲವನ್ನೂ ಹೇಳಿದ.

ಚಕ್ರಪಾಣಿಯವರು ಕೊನೆಯವರೆಗೂ ಕೇಳಿದರು. ಕೇಳಿ, ಕೆನ್ನೆಗೆ ಒಂದು ಬಿಟ್ಟರು. ಮಗ ಮೀಸೆ ಹೊತ್ತ ಮೇಲೆ ಮೊದಲ ಸಲ.

“ಗೋತ್ರ ಹೇಳಿದೆಯಾ?”

“ಹೇಳಿದೆ.”

“ನಮ್ಮ ಗೋತ್ರವಾ?”

“ಹೂಂ.”

“ಯಾರೋ ಪಾಪ, ಅವರ ಪಾಡಿಗೆ ಅವರು ನಿಂತಿದ್ರು. ಕರೆದು ಮನೆತನಕ್ಕೆ ಸೇರಿಸಿದೆಯಲ್ಲೋ. ಅವರದ್ದೇನು ತಪ್ಪು? ಮೊಮ್ಮಗ ನೀರು ಕೊಟ್ಟ, ಬಂದಿದಾರೆ. ಮಾಟ ಮಾಡಿಸೋಕೆ ಜನ ಎಲ್ಲೆಲ್ಲೋ ಹೋಗ್ತಾರೆ. ನಿನಗೆ ನೀನೇ ಮಾಡ್ಕೊಂಡೆ.”

ಅನಘಾಳನ್ನು ಅವತ್ತೇ ಆಸ್ಪತ್ರೆಗೆ ಸೇರಿಸಿದರು. ಆ ಬಾಯಾರಿದವರು ಅಲ್ಲಿಗೂ ಹೋದರು. ಡ್ರಿಪ್ಪಿನ ಬಾಟಲಿ ತೊಟ್ಟಿಕ್ಕುವ ಮೊದಲೇ ಬರಿದಾಗುತ್ತಿತ್ತು, ನರ್ಸು ಬಾಟಲಿಯನ್ನೇ ಬೈದುಕೊಂಡು ಬೇರೆ ಹಾಕುತ್ತಿದ್ದಳು. ಸ್ಕ್ಯಾನಿನಲ್ಲಿ ನೀರು ಇನ್ನಷ್ಟು ಇಳಿದಿತ್ತು.

ಚಕ್ರಪಾಣಿಯವರು ಡೆಂಜಿಲ್‌ಗೆ ತಾವೇ ಫೋನು ಮಾಡಿದರು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದರೆಂದು ಮಗನಿಗೆ ಹೇಳಲಿಲ್ಲ. ಎಳ್ಳು, ದರ್ಭೆ, ತಾಮ್ರದ ಚೊಂಬು ಚೀಲಕ್ಕೆ ಹಾಕಿಕೊಂಡು, ಆಸ್ಪತ್ರೆಗೆ ಬಂದು ಸೊಸೆಯ ತಲೆ ಮುಟ್ಟಿದರು.

“ಮಾವ, ಎಲ್ಲಿಗೆ?”

“ನಿನ್ನ ಗಂಡ ಒಂದು ಕೆಲಸ ಅರ್ಧ ಮಾಡಿ ಬಂದಿದಾನಮ್ಮ. ಮುಗಿಸಿ ಬರ್ತೀನಿ.”

ಅಪ್ಪ, ಮಗ, ಡೆಂಜಿಲ್ ಕಣಿವೆಗೆ ತಲುಪಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಡೆಂಜಿಲ್ ತಿರುವಿನಲ್ಲೇ ಜೀಪು ನಿಲ್ಲಿಸಿದರು. ಮುಂದಕ್ಕೆ ಬರಲಿಲ್ಲ. “ದೇವರು ಕಾಯಲಿ” ಎಂದಷ್ಟೇ ಹೇಳಿ ಮುಖ ತಿರುಗಿಸಿಕೊಂಡರು.

ಗೋಡೆ ಬರಿದಾಗಿತ್ತು. ಕೆಂಪು ಕಲ್ಲು ಮಾತ್ರ. ಒಬ್ಬ ಬಿಳಿ ಮನುಷ್ಯನೂ ಅಲ್ಲಿರಲಿಲ್ಲ.

“ಎಲ್ಲ ಆಸ್ಪತ್ರೇಲಿದಾರೆ” ಅಂದರು ಚಕ್ರಪಾಣಿಯವರು. ಅಂಗಿ ಬಿಚ್ಚಿ, ಜನಿವಾರ ಬಲಕ್ಕೆ ಮಾಡಿಕೊಂಡು, ಮರಳಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಕೂತರು. “ಈಗ ಕೇಳು. ನಾನು ಬದುಕಿರೋವಾಗ ಈ ನೀರು ಬಿಡೋ ಹಕ್ಕು ನಿನಗಿಲ್ಲ. ನೀನು ಬಿಟ್ಟದ್ದೂ ನನ್ನ ಹೆಸರಿಗೇ. ಅದನ್ನ ಅವರಿಗೆ ನಾನು ಸರಿಯಾಗಿ ಹೇಳಬೇಕು. ನಾನು ಕರೆದ್ರೆ ನನ್ನ ಹತ್ರ ಬರ್ತಾರೆ. ಬಂದ ಮೇಲೆ ಬಿಡಲ್ಲ. ನಾನು ಹೋದ ಮೇಲೂ ನನ್ನ ಜೊತೇನೇ ಇರ್ತಾರೆ.”

“ಅಪ್ಪ, ಬೇಡ. ಬೇರೆ ಏನಾದ್ರೂ...”

“ಬೇರೆ ಇದ್ದಿದ್ರೆ ನನಗೇನು ಇಲ್ಲಿ ಬಂದು ಒಣಗೋ ಆಸೆಯಾ? ಮಾತು ಕೊಡು. ನಾನು ಸತ್ತ ಮೇಲೆ ನನಗೆ ನೀರು ಬಿಡಬೇಡ. ಸುಡೋವಾಗಲೂ ಬೇಡ, ತಿಥಿಗೂ ಬೇಡ, ಅಮಾವಾಸ್ಯೆಗೂ ಬೇಡ. ಒಂದು ತೊಟ್ಟು ನನ್ನ ಹೆಸರಲ್ಲಿ ಬಿದ್ದರೆ ಅದರ ಹಿಂದೆ ಅಷ್ಟೂ ಜನ ನಿನ್ನ ಮನೆಗೆ. ಮಗು ಹತ್ರ. ತಿಳೀತಾ?”

ಕೊನೆಯ ಗುಟುಕು ನೀರಿಗಾಗಿ, ಸತ್ತ ಮೇಲಿನ ಒಂದು ಬೊಗಸೆ ನೀರಿಗಾಗಿ ಮಗ ಬೇಕು ಎಂದು ಹಂಬಲಿಸುವ ಜನ ನಾವು. ಆ ಮನುಷ್ಯ ಅದೊಂದನ್ನೂ ಬಿಟ್ಟುಕೊಟ್ಟರು. ಸಾತ್ವಿಕ ಅಪ್ಪನ ಕೈಯ ಮೇಲೆ ಕೈಯಿಟ್ಟು ಮಾತು ಕೊಟ್ಟ. ಕೊಡದೆ ಏನು ಮಾಡುತ್ತಾನೆ?

ಚಕ್ರಪಾಣಿಯವರು ಚೊಂಬು ಎತ್ತಿದರು. ಎಳ್ಳು ಬೆರೆಸಿದ ನೀರು ಬಿಟ್ಟರು. ಸ್ಪಷ್ಟವಾಗಿ, ತಪ್ಪಿಲ್ಲದೆ, ಮನೆಯ ಹಿರಿಯರನ್ನು ಊಟಕ್ಕೆ ಕರೆಯುವ ಮರ್ಯಾದೆಯಲ್ಲಿ ಕರೆದರು.

ವಾಸನೆ ಬಂತು. ಬಿಸಿಗಾಳಿ ಬಂತು. ಮರಳಿನ ಮೇಲೆ ಹೆಜ್ಜೆ ಮೂಡಿತು. ಒಂದು. ಇನ್ನೊಂದು. ಆಮೇಲೆ ಕಣಿವೆಯ ತುಂಬ. ಚೊಂಬು ಬರಿದಾಯಿತು. ಕ್ಯಾನಿನ ನೀರು ಸುರಿದರು. ಅದೂ ಬರಿದಾಯಿತು. ಸಾತ್ವಿಕ ಬಾಟಲಿ ಎತ್ತಿಕೊಂಡು ಓಡಿದ. ಕೈಯಲ್ಲೇ ಹಗುರಾಯಿತು. ಬಾಟಲಿ ಬಿರುಕುಬಿಟ್ಟಿತು. ಅಪ್ಪನ ಬೆನ್ನಿನ ಬೆವರು ಆರಿತು. ತುಟಿ ಸೀಳಿತು. ರಕ್ತ ಬರಲಿಲ್ಲ. ಕಣ್ಣು ಒಳಕ್ಕೆ ಇಳಿಯಿತು. ಕೈ ಮಾತ್ರ ಚಾಚಿಯೇ ಇತ್ತು. ಬಾಯಿ ಮಂತ್ರ ಹೇಳುತ್ತಲೇ ಇತ್ತು. ದನಿ ಹೋಯಿತು. ತುಟಿ ಆಡುತ್ತಿತ್ತು. ತುಟಿ ನಿಂತಿತು.

ಸಾತ್ವಿಕ ಹಿಡಿದುಕೊಂಡಾಗ ಅಪ್ಪನ ಮೈ ಒಣ ಕಡ್ಡಿಯಷ್ಟು ಹಗುರಾಗಿತ್ತು. ಗೋಡೆಯ ಮೇಲೆ ಬಿಳಿ ಮನುಷ್ಯರು ಮರಳಿರಲಿಲ್ಲ. ಅವರಿಗೆ ಈಗ ಗೋಡೆ ಬೇಕಾಗಿರಲಿಲ್ಲ.

ಜೀಪು ಸಿಗ್ನಲ್ ಇರುವ ಕಡೆಗೆ ಬಂದಾಗ ಡಾಕ್ಟರ್ ಜಯಲಕ್ಷ್ಮಿಯ ಫೋನು ಬಂತು. “ನೀರು ಏರ್ತಾ ಇದೆಯಪ್ಪ! ಇಂಥದ್ದು ನಾನು ನೋಡೇ ಇಲ್ಲ. ಮಗು ಆರಾಮಾಗಿದೆ. ಹಲೋ? ಕೇಳಿಸ್ತಾ?” ಹಿಂದಿನ ಸೀಟಿನಲ್ಲಿ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಸಾತ್ವಿಕನಿಗೆ ಕೇಳಿಸಿತು. ಅವನಿಗೆ ಸಂತೋಷವೇ ಆಯಿತು. ಆ ಸಂತೋಷಕ್ಕೆ ನಾಚಿಕೆಯಾಯಿತು.

ಬಿಸಿಲಿನ ಹೊಡೆತ ಎಂದು ಸಾವಿನ ಕಾಗದದಲ್ಲಿ ಬರೆದರು. ವತ್ಸಲಾ ಬಂದು ಸೇರುವಷ್ಟು ಹೊತ್ತಿರಲಿಲ್ಲ, ನೈರೋಬಿಯಲ್ಲೇ ಸಂಸ್ಕಾರವಾಯಿತು. ಹೆಗಲ ಮೇಲೆ ನೀರಿನ ಮಡಕೆ ಹೊತ್ತು ಚಿತೆ ಸುತ್ತು ಎಂದರೆ ಮಗ ಒಲ್ಲೆನೆಂದ. ಬಾಯಿಗೆ ತೀರ್ಥ ಬಿಡು ಎಂದರೆ ಒಲ್ಲೆನೆಂದ. ದೇವಸ್ಥಾನದಿಂದ ಬಂದಿದ್ದ ಪುರೋಹಿತರು ಕೋಪಿಸಿಕೊಂಡರು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಂಥ ಮಗನಪ್ಪ ಇವನು ಎಂಬ ಮಾತು ಪಾರ್ಕ್‌ಲ್ಯಾಂಡ್ಸಿನಿಂದ ಊರಂಚಿನ ಕರೆನ್ ಬಡಾವಣೆಯವರೆಗೂ ಹೋಯಿತು.

ಮಗು ದಿನ ತುಂಬಿ ಹುಟ್ಟಿತು. ಹೆಣ್ಣು. ಅಪೂರ್ವಾ ಎಂದು ಹೆಸರಿಟ್ಟರು. ವತ್ಸಲಾ ಬೆಂಗಳೂರಿನಿಂದ ಬಂದರು. ಮೊಮ್ಮಗಳನ್ನು ಎತ್ತಿಕೊಂಡು ನಕ್ಕರು, ಕೆಳಗಿಟ್ಟು ಅತ್ತರು. ಮಗನನ್ನು ಕೇಳಿದ್ದು ಒಂದೇ ಮಾತು.

“ಎಲ್ಲಾ ಸರಿಯಾಗಿ ಮಾಡಿದೆ ತಾನೇ? ನೀರು ಬಿಟ್ಟೆ ತಾನೇ?”

“ಬಿಟ್ಟೆ ಅಮ್ಮ” ಅಂದ ಸಾತ್ವಿಕ.

ಆದರೆ ಹೊತ್ತು ನೆತ್ತಿಗೇರಿದಾಗ ಬಾಗಿಲಲ್ಲಿ ಅಪ್ಪ ನಿಲ್ಲುತ್ತಿದ್ದರು. ಸಾತ್ವಿಕನಿಗೂ ಅನಘಾಳಿಗೂ ಮಾತ್ರ ಕಾಣುತ್ತಿದ್ದರು. ಬೂದಿಯ ಬಣ್ಣ ಬಂದಿತ್ತು, ಮುಖ ಮಾತ್ರ ಇನ್ನೂ ಮಾಸಿರಲಿಲ್ಲ. ಅವರ ಹಿಂದೆ ಮೆಟ್ಟಿಲಿನುದ್ದಕ್ಕೂ ಆ ಉದ್ದನೆಯವರು. ಚೌಕಟ್ಟಿಗೆ ಎರಡೂ ಕೈ ಊರಿ ಅಪ್ಪ ಅವರನ್ನು ತಡೆದು ನಿಂತಿರುತ್ತಿದ್ದರು. ಒಡೆದ ತುಟಿ ಆಡುತ್ತಿತ್ತು. ಒಳಗಿನ ನೀರಿನ ಮೇಲೇ ಕಣ್ಣು.

ಒಂದು ಮಧ್ಯಾಹ್ನ ವತ್ಸಲಾ ಗಂಡನ ಫೋಟೋ ಗೋಡೆಗೆ ತೂಗುಹಾಕಿಸಿದರು. ಹೂವಿನ ಹಾರ ಹಾಕಿದರು. ಗಂಡ ಕುಡಿಯುತ್ತಿದ್ದ ಬೆಳ್ಳಿ ಲೋಟವನ್ನು ಬೆಂಗಳೂರಿನಿಂದಲೇ ತಂದಿದ್ದರು. ಅದನ್ನು ತುಂಬಿಸಿ, ಕಣ್ಣೊರೆಸಿಕೊಂಡು ಫೋಟೋದ ಮುಂದೆ ಇಡಲು ಹೊರಟರು. “ಬನ್ನಿ, ಕುಡೀರಿ” ಎಂದು ಅವರ ಬಾಯಿಂದ ಬರುವುದರಲ್ಲಿತ್ತು. ಸಾತ್ವಿಕ ನುಗ್ಗಿ ಲೋಟ ಕಿತ್ತುಕೊಂಡ.

“ಏನೋ ಇದು!”

“ಅಪ್ಪಂಗೆ ಇಡಬೇಡ ಅಮ್ಮ. ಯಾವತ್ತೂ ಇಡಬೇಡ.”

“ಒಂದು ಲೋಟ ನೀರೋ! ನಿನ್ನನ್ನ ಹೆತ್ತದ್ದಕ್ಕೆ ಅವರಿಗೆ ಒಂದು ಲೋಟ ನೀರಿಗೂ ಗತಿ ಇಲ್ವಾ?” ವತ್ಸಲಾ ನೆಲದ ಮೇಲೆ ಕುಸಿದು ಕೂತು ಅತ್ತರು.

ವಾಸನೆ ಬಂದಿತ್ತು. ಅನಘಾ ಮಗುವನ್ನು ಎದೆಗವಚಿಕೊಂಡು ಒಳಗೆ ಹೋಗಿ ಚಿಲಕ ಹಾಕಿದಳು. ಬಾಗಿಲಲ್ಲಿ ಅಪ್ಪ ಒಂದು ಕೈ ಚೌಕಟ್ಟಿನಿಂದ ತೆಗೆದಿದ್ದರು. ಆ ಸಂದಿಯಲ್ಲಿ ಮುಖವಿಲ್ಲದ ಒಂದು ತಲೆ ಆಗಲೇ ಒಳಗೆ ಬಾಗಿತ್ತು. ತೆಗೆದ ಕೈ ಬೆಳ್ಳಿ ಲೋಟದ ಕಡೆಗೆ ಚಾಚಿತ್ತು. ಬದುಕಿದ್ದಾಗ ಯಾರ ಮುಂದೆಯೂ ಚಾಚದ ಕೈ ಅದು.

ಸಾತ್ವಿಕ ಅಪ್ಪನ ಕಣ್ಣನ್ನೇ ನೋಡುತ್ತ ಲೋಟ ತುಟಿಗಿಟ್ಟ. ಒಂದು ತೊಟ್ಟೂ ಚೆಲ್ಲದ ಹಾಗೆ, ಕೊನೆಯ ಗುಟುಕಿನವರೆಗೂ ಕುಡಿದ. ಅಮ್ಮ ಅಳುತ್ತಲೇ ಇದ್ದರು. ಅಪ್ಪ ಖಾಲಿ ಲೋಟವನ್ನು ನೋಡಿದರು, ಸರಿ ಎಂಬಂತೆ ತಲೆಯಾಡಿಸಿದರು, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು ಮತ್ತೆ ಚೌಕಟ್ಟಿಗೆ ಊರಿ ನಿಂತರು.